ಕಣ, ಮಗ್ಗ, ಗರಡಿ: ನಮ್ಮ ನುಡಿಗಟ್ಟುಗಳ ತವರು



ನಮ್ಮ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಒಕ್ಕಣೆಯಿದೆ: ಕಾಲಂ ಕರ್ಚಿ, ಧಾರಾಪೂರ್ವಕಂ ಮಾಡಿ ಬಿಟ್ಟ ದತ್ತಿ. ದಾನ ಪಡೆಯುವವರ ಕಾಲು ತೊಳೆದು, ಅವರ ಕೈಗೆ ನೀರೆರೆದು ಕೊಟ್ಟದ್ದು ಎಂದು ಅರ್ಥ. ಕೆರೆಗೆ, ದೇಗುಲಕ್ಕೆ, ಓದಿಸುವವರಿಗೆ ಭೂಮಿ ಬಿಟ್ಟಾಗ ಹೀಗೆ ನೀರೆರೆಯುತ್ತಿದ್ದರು. ಎರೆದ ನೀರನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು, ಕೊಟ್ಟ ದಾನವನ್ನೂ ಹಾಗೆಯೇ. ಇವತ್ತಿಗೂ ಮದುವೆಯ ಮನೆಯಲ್ಲಿ ‘ಧಾರೆ ಎಷ್ಟು ಹೊತ್ತಿಗೆ?’ ಎಂದು ಕೇಳುತ್ತೇವೆ. ಊರಿನ ಶಾಲೆಗಾಗಿ ದುಡಿದ ಮೇಷ್ಟ್ರ ಬಗ್ಗೆ ‘ಬದುಕನ್ನೇ ಧಾರೆ ಎರೆದರು’ ಎನ್ನುತ್ತೇವೆ. ಆ ನೀರಿಗೆ ಎಳ್ಳು ಬೆರೆತರೆ ಮಾತು ಬೇರೆ ದಾರಿ ಹಿಡಿಯುತ್ತದೆ. ತೀರಿಕೊಂಡವರಿಗೆ ತರ್ಪಣ ಬಿಡುವ ಎಳ್ಳುನೀರಿನಿಂದ ‘ಆಸೆಗೆ ಎಳ್ಳುನೀರು ಬಿಟ್ಟ’ ಎಂಬ ಮಾತು ಬಂದಿದೆ. ಎರಡೂ ಕಡೆ ಇರುವುದು ಕೈಯಿಂದ ಜಾರುವ ನೀರೇ. ಒಂದು ಕೊಡುವುದನ್ನು ಹೇಳುತ್ತದೆ, ಇನ್ನೊಂದು ಬಿಟ್ಟುಕೊಡುವುದನ್ನು.

ಈ ದತ್ತಿ ಉಪನ್ಯಾಸದಲ್ಲಿ ಮಾತಾಡುವ ಅವಕಾಶ ಕೊಟ್ಟದ್ದಕ್ಕೆ ತಮಗೆಲ್ಲ ಕೃತಜ್ಞನಾಗಿದ್ದೇನೆ. ದಿನನಿತ್ಯ ನಮ್ಮ ಬಾಯಲ್ಲಿ ಬರುವ ನುಡಿಗಟ್ಟುಗಳು ಎಲ್ಲಿಂದ ಬಂದವು, ಸೀಮೆಯಿಂದ ಸೀಮೆಗೆ ಅವು ಏಕೆ ಬೇರೆಯಾಗುತ್ತವೆ ಎಂಬುದು ಇಂದಿನ ವಿಷಯ. ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ನುಡಿಗಟ್ಟುಗಳಲ್ಲಿ ಬಹುಪಾಲು ಹುಟ್ಟಿದ್ದು ಕೈಕೆಲಸದ ಜಾಗಗಳಲ್ಲಿ. ಆ ಕೆಲಸ ಮಾಡಿದವರು ನಮ್ಮ ನಡುವೆ ಇರುವಾಗಲೇ ಅವರಿಂದ ಕೇಳಿ ಬರೆದಿಡದಿದ್ದರೆ ಮಾತು ಉಳಿದರೂ ಅದರ ಬೇರು ಹೋಗುತ್ತದೆ.

ನುಡಿಗಟ್ಟು ಎಂದರೆ

ಗಾದೆಗೂ ನುಡಿಗಟ್ಟಿಗೂ ಒಂದು ವ್ಯತ್ಯಾಸವಿದೆ. ಗಾದೆ ಪೂರ್ತಿ ಮಾತು, ಹೇಳಿದರೆ ಮುಗಿಯಿತು. ನುಡಿಗಟ್ಟು ನಮ್ಮ ವಾಕ್ಯದೊಳಗೆ ಸೇರಿಕೊಂಡು ಕಾಲಕ್ಕೆ, ಲಿಂಗಕ್ಕೆ, ವಚನಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಪಟ್ಟು ಹಿಡಿದ, ಪಟ್ಟು ಹಿಡಿದಳು, ಪಟ್ಟು ಹಿಡಿಯಬೇಡಿ. ಅದರ ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಇಡಿಯ ಅರ್ಥ ಸಿಗುವುದಿಲ್ಲ. ಕೈ ಕೊಟ್ಟ ಎಂದರೆ ಮೋಸ ಮಾಡಿದ, ಕೈ ಹಿಡಿದ ಎಂದರೆ ಕಾಪಾಡಿದ ಅಥವಾ ಮದುವೆಯಾದ, ಕೈ ಎತ್ತಿದ ಎಂದರೆ ನನ್ನಿಂದಾಗದು ಎಂದ. ಕನ್ನಡ ಕಲಿಯಲು ಬಂದ ಹೊರಗಿನವರು ಮೊದಲು ತಡವರಿಸುವುದು ಇಲ್ಲೇ.

ಕೈ, ಕಣ್ಣು, ಹೊಟ್ಟೆ, ತಲೆ ಎಲ್ಲರಿಗೂ ಇರುವುದರಿಂದ ದೇಹದ ನುಡಿಗಟ್ಟುಗಳು ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಒಂದೇ. ಪುರಾಣದಿಂದ ಬಂದ ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ, ರಾಮಬಾಣ ಇವೂ ಎಲ್ಲರವು. ಆದರೆ ಕೆಲಸದಿಂದ ಹುಟ್ಟಿದ ಮಾತಿಗೆ ಊರಿದೆ, ಸೀಮೆಯಿದೆ. ಆದ್ದರಿಂದ ಇವತ್ತು ಮೂರು ನಾಲ್ಕು ಕೆಲಸದ ಜಾಗಗಳ ಹತ್ತಿರ ಹೋಗಿ ನಿಂತು ನೋಡೋಣ.

ಕಣದ ಮಾತು

ಮೊದಲನೆಯದು ಕಣ. ಸುಗ್ಗಿಯಲ್ಲಿ ಹೊಲದ ಮಗ್ಗುಲಲ್ಲಿ ನೆಲ ಹಸನು ಮಾಡಿ, ನೀರು ಹೊಡೆದು, ಗಟ್ಟಿಯಾಗಿ ಬಡಿದು, ಸಗಣಿಯಿಂದ ಸಾರಿಸುತ್ತಿದ್ದರು. ನಡುವೆ ಒಂದು ಗೂಟ, ಅದೇ ಮೇಟಿ. ಅದರ ಸುತ್ತ ತೆನೆ ಹರಡಿ ಎತ್ತುಗಳನ್ನು ತುಳಿಸುತ್ತಿದ್ದರು, ಇಲ್ಲವೇ ರೋಣಗಲ್ಲು ಹೂಡುತ್ತಿದ್ದರು. ಬೇಸಾಯಕ್ಕೇ ಮೇಟಿ ವಿದ್ಯೆ ಎಂಬ ಹೆಸರಿದೆ. ಉತ್ತರ ಕರ್ನಾಟಕದಲ್ಲಿ ರಾತ್ರಿಯಿಡೀ ಎತ್ತುಗಳನ್ನು ಸುತ್ತಿಸುತ್ತಾ ಹೇಳುವ ಹಂತಿ ಹಾಡು ಈ ಕಣದ್ದೇ.

ತುಳಿಸಿದ ಮೇಲೆ ಬರುವುದು ತೂರುವ ಕೆಲಸ. ತೂರುವವನು ಎತ್ತರದಲ್ಲಿ ನಿಂತು, ಕಾಳು ಹೊಟ್ಟು ಬೆರೆತ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಗಾಳಿಗಾಗಿ ಕಾಯುತ್ತಾನೆ. ಗಾಳಿ ಬೀಸಿದೊಡನೆ ಮೊರವನ್ನು ಓರೆ ಮಾಡಿ ಸಣ್ಣಗೆ ಉದುರಿಸುತ್ತಾನೆ. ಕಾಳು ನೇರ ಕೆಳಗೆ ಬೀಳುತ್ತದೆ, ಹೊಟ್ಟು ಆಚೆ ಹೋಗುತ್ತದೆ. ಗಾಳಿ ನಿಂತರೆ ಕೆಲಸವೂ ನಿಂತಿತು. ‘ಗಾಳಿ ಬಂದಾಗ ತೂರಿಕೋ’ ಎಂಬ ಮಾತಿನ ಅವಸರ ಕಣದಲ್ಲಿ ಮೊರ ಹಿಡಿದು ಕಾದವನಿಗೆ ಗೊತ್ತು. ಅದೇ ಕೆಲಸದಿಂದ ಇನ್ನೊಂದು ಮಾತೂ ಹುಟ್ಟಿತು: ‘ಕಾನೂನನ್ನು ಗಾಳಿಗೆ ತೂರಿದರು’. ಮೊದಲನೆಯದರಲ್ಲಿ ಕಣ್ಣು ಉಳಿಯುವ ಕಾಳಿನ ಮೇಲಿದೆ, ಎರಡನೆಯದರಲ್ಲಿ ಹಾರಿಹೋಗುವ ಹೊಟ್ಟಿನ ಮೇಲೆ. ಕಾನೂನನ್ನು ಗಾಳಿಗೆ ತೂರಿದರು ಎನ್ನುವಾಗ ನಾವು ಹೇಳುವುದು, ಅವರು ಅದನ್ನು ಹೊಟ್ಟಿನಂತೆ ಕಂಡರು ಎಂದು. ಒಂದೇ ಮೊರದಿಂದ ಎರಡು ದಿಕ್ಕಿನ ಮಾತು. ಒಳಗೆ ಹಾಲು ತುಂಬದ ಕಾಳು ಜೊಳ್ಳು. ಹುರುಳಿಲ್ಲದ ಭಾಷಣಕ್ಕೆ ‘ಬರೀ ಜೊಳ್ಳು’ ಎನ್ನುವವರು ಗಟ್ಟಿ ಕಾಳನ್ನೂ ಜೊಳ್ಳು ಕಾಳನ್ನೂ ಕಂಡ ಕಣದ ಕಣ್ಣಿಂದಲೇ ನೋಡುತ್ತಿದ್ದಾರೆ.

ಕಾಳು ಗುಡ್ಡೆ ಬಿದ್ದ ಮೇಲೆ ಅಳತೆ. ಅಳೆಯುವವನು ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾನೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ವರ್ಷದ ದುಡಿಮೆ ಮನೆಗೆ ಬರುವ ಹೊತ್ತಿಗೆ ಮೊದಲ ಮಾತು ಒಳ್ಳೆಯದಾಗಿರಲಿ ಎಂಬ ನಂಬಿಕೆ ಅದು. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ ನಮ್ಮ ರೂಢಿಯಲ್ಲೂ ಇದೇ ಎಚ್ಚರವಿದೆ.

ಇನ್ನು ಆ ಗುಡ್ಡೆ, ಅಂದರೆ ರಾಶಿ. ಉತ್ತರ ಕರ್ನಾಟಕದಲ್ಲಿ ಒಕ್ಕಣೆ ಮಾಡುವುದಕ್ಕೇ ‘ರಾಶಿ ಮಾಡುವುದು’ ಎನ್ನುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಹೋದರೆ ‘ರಾಶಿ ಚಂದ’, ‘ರಾಶಿ ಖುಷಿ’ ಎಂಬ ಮಾತು ಕೇಳುತ್ತದೆ. ಅಲ್ಲಿ ರಾಶಿ ಎಂದರೆ ‘ತುಂಬಾ’. ಧಾರವಾಡದವರು ಇದೇ ಜಾಗದಲ್ಲಿ ಜಗ್ಗಿ, ಭಾಳ, ರಗಡ ಎನ್ನುತ್ತಾರೆ. ರಗಡ ಮರಾಠಿಯಲ್ಲೂ ಇರುವ ಮಾತು. ಮಂಡ್ಯದವರಿಗೆ ‘ಬೋ’ ಸಾಕು: ‘ಬೋ ಪಸಂದಾಗದೆ’. ಮಂಗಳೂರಿನವರಿಗೆ ‘ಭಾರೀ ಲಾಯ್ಕ್’. ಒಂದು ‘ತುಂಬಾ’ ಎಂಬ ಮಾತಿಗೆ ಇಷ್ಟು ಸೀಮೆಗಳು ಇಷ್ಟು ಪದ ಇಟ್ಟುಕೊಂಡಿವೆ.

ಇವತ್ತು ಊರೂರಿಗೆ ಒಕ್ಕಣೆ ಯಂತ್ರ ಬಂದಿದೆ. ಹಲವು ಕಡೆ ರಾಗಿ, ಹುರುಳಿಯ ಹೊರೆಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳ ಚಕ್ರಕ್ಕೆ ಬಿಡುತ್ತಾರೆ. ರೈತನ ಬೆನ್ನಿನ ಭಾರ ಇಳಿದದ್ದು ಒಳ್ಳೆಯದೇ. ಆದರೆ ಗಾಳಿಗೆ ತೂರಿದ್ದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಈಗ ಜಗಲಿಯ ಮೇಲೆ ಕೂತಿದೆ ಎಂಬುದನ್ನು ನಾವು ಮರೆಯಬಾರದು.

ಹಾಸು ಮತ್ತು ಹೊಕ್ಕು

ಎರಡನೆಯ ಜಾಗ ಮಗ್ಗ. ಪತ್ರಿಕೆಗಳ ಸಂಪಾದಕೀಯದಲ್ಲಿ ‘ಹಾಸುಹೊಕ್ಕಾಗಿದೆ’ ಎಂಬ ಮಾತನ್ನು ನೀವು ಎಷ್ಟೋ ಸಲ ಓದಿದ್ದೀರಿ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಒಂದು ಕುಣಿಮಗ್ಗದ ಮುಂದೆ ಅರ್ಧ ತಾಸು ಕೂತು ನೋಡಿ, ಆ ಮಾತು ಕೈಗೆ ಸಿಗುತ್ತದೆ. ಮಗ್ಗದ ಉದ್ದಕ್ಕೆ ಬಿಗಿಯಾಗಿ ಹಾಸಿದ ನೂಲು ಹಾಸು. ಲಾಳಿಯ ಜೊತೆ ಅಡ್ಡಡ್ಡವಾಗಿ ಅದರೊಳಗೆ ಹೊಕ್ಕು ಹೊರಬರುವ ನೂಲು ಹೊಕ್ಕು. ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೀಗೆ ಹೊಕ್ಕು ಸಾಗುತ್ತದೆ, ಹಣಿಗೆ ಅದನ್ನು ಒತ್ತಿ ಕೂರಿಸುತ್ತದೆ. ಬಟ್ಟೆಯಾದ ಮೇಲೆ ಹಾಸನ್ನು ಕಿತ್ತರೆ ಹೊಕ್ಕು ನಿಲ್ಲದು, ಹೊಕ್ಕನ್ನು ಕಿತ್ತರೆ ಹಾಸು ನಿಲ್ಲದು. ‘ಲಂಚ ನಮ್ಮ ವ್ಯವಸ್ಥೆಯಲ್ಲಿ ಹಾಸುಹೊಕ್ಕಾಗಿದೆ’ ಎಂದು ಬರೆಯುವವರು ‘ಎಲ್ಲೆಡೆ ಇದೆ’ ಎಂಬುದಕ್ಕಿಂತ ಬಹಳ ದೊಡ್ಡ ಮಾತನ್ನು ಹೇಳುತ್ತಿದ್ದಾರೆ. ಕಿತ್ತರೆ ಬಟ್ಟೆಯೇ ಬಿಚ್ಚಿಹೋಗುವಷ್ಟು ಒಳಗಿದೆ ಎಂಬ ಎಚ್ಚರಿಕೆ ಅದರಲ್ಲಿದೆ. ಮಗ್ಗ ನೋಡದವರಿಗೆ ಆ ಎಚ್ಚರಿಕೆ ಕೇಳಿಸುವುದಿಲ್ಲ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಸೆರಗಿಗೆ ಟೋಪ ತೆನಿ ಎಂದು ಹೆಸರು. ಹೀಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಇಂಥ ಕೆಲಸ ನೋಡಿದವರಿಗೆ ‘ಎಳೆ ಎಳೆಯಾಗಿ ಬಿಡಿಸಿ ಹೇಳಿದ’ ಎಂಬ ಮಾತಿನ ತಾಳ್ಮೆ ಎಷ್ಟೆಂದು ತಿಳಿಯುತ್ತದೆ. ‘ಸಿಕ್ಕು ಬಿಡಿಸು’, ‘ಎಳೆ ಸಿಕ್ಕಿತು’, ‘ಲಾಳಿಯ ಹಾಗೆ ಓಡಾಡು’, ‘ನೂಲಿನಂತೆ ಸೀರೆ’ ಇವೆಲ್ಲ ಮಗ್ಗದ ಮನೆಯ ಮಾತುಗಳೇ. ಮುದನೂರಿನ ದೇವರ ದಾಸಿಮಯ್ಯ ನೇಯ್ಗೆಯವರು. ಕಸುಬಿನ ಮಾತನ್ನು ತತ್ವದ ಮಾತನ್ನಾಗಿ ಮಾಡಿದ ವಚನಕಾರರಿಗೆ ಅವರು ಹಿರಿಯರು. ಅಂಬಿಗ, ಮಡಿವಾಳ, ಮಾದಾರ, ತುರುಗಾಹಿ ಎಂದು ಕಸುಬನ್ನೇ ಹೆಸರಿನಲ್ಲಿಟ್ಟುಕೊಂಡ ಶರಣರು ನಮ್ಮ ಭಾಷೆಗೆ ಕೊಟ್ಟ ದೊಡ್ಡ ಕಾಣಿಕೆ ಇದು: ದುಡಿಯುವವರ ಮಾತಿಗೆ ಗೌರವದ ಜಾಗ.

ಗರಡಿಮನೆಯಿಂದ ಸುದ್ದಿಮನೆಗೆ

ಮೂರನೆಯದು ಗರಡಿ. ಚುನಾವಣೆ ಬಂತೆಂದರೆ ಪತ್ರಿಕೆಗಳ ತಲೆಬರಹ ಗಮನಿಸಿ: ಅಖಾಡಕ್ಕಿಳಿದ ನಾಯಕರು, ಹೈಕಮಾಂಡಿಗೆ ಸೆಡ್ಡು, ಟಿಕೆಟ್‌ಗಾಗಿ ಬಿಗಿಪಟ್ಟು, ತೊಡೆ ತಟ್ಟಿದ ಶಾಸಕ, ಎದುರಾಳಿಗೆ ಮಣ್ಣು ಮುಕ್ಕಿಸಿದ ಅಭ್ಯರ್ಥಿ. ಇವಿಷ್ಟೂ ಕುಸ್ತಿಯ ಮಾತು. ಪೈಲ್ವಾನ ಎದುರಾಳಿಯನ್ನು ಹಿಡಿಯುವ ವರಸೆ ಪಟ್ಟು. ಹಿಡಿದ ಪಟ್ಟನ್ನು ಬಿಡಿಸುವುದಕ್ಕೆ ಎದುರು ಪಟ್ಟಿದೆ. ಬೆನ್ನು ಅಖಾಡದ ಮಣ್ಣಿಗೆ ತಾಗಿದರೆ ಸೋಲು, ಆಗ ಆತ ‘ಚಿತ್’. ಕೈಯಿಂದ ಭುಜವನ್ನೋ ತೋಳನ್ನೋ ಬಡಿದು ಸದ್ದು ಮಾಡಿ ಕರೆಯುವುದು ಸೆಡ್ಡು ಹೊಡೆಯುವುದು. ಮೈಸೂರಿನ ಗರಡಿಮನೆಗಳಲ್ಲಿ ಹದ ಮಾಡಿದ ಕೆಂಪು ಮಣ್ಣಿನ ಮಟ್ಟಿಯಲ್ಲಿ ಈ ಮಾತುಗಳೆಲ್ಲ ಇಂದಿಗೂ ಮೂಲ ಅರ್ಥದಲ್ಲೇ ಬಳಕೆಯಲ್ಲಿವೆ.

ಇದರ ಹಿಂದೆ ಉದ್ದನೆಯ ಇತಿಹಾಸವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದದ ವಿವರವಿದೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಮಹಾನವಮಿಯ ಉತ್ಸವದಲ್ಲಿ ಮಲ್ಲರ ಕಾಳಗವನ್ನು ಕಂಡು ಬರೆದಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ‘ಜಗಜಟ್ಟಿ’ ಎಂಬ ಮಾತಿನಲ್ಲಿ ಇರುವುದು ಈ ಜಟ್ಟಿಯೇ. ರಾಜರ ಮುಂದೆ ಹುಟ್ಟಿದ ಮಾತು ಪ್ರಜಾಪ್ರಭುತ್ವಕ್ಕೂ ಒದಗಿಬಂತು, ಏಕೆಂದರೆ ಎರಡರಲ್ಲೂ ಜನ ಸುತ್ತ ನಿಂತು ನೋಡುತ್ತಾರೆ, ಗೆದ್ದವರು ಯಾರೆಂದು ತಾವೇ ಹೇಳುತ್ತಾರೆ.

ವೀಸ, ಆಣೆ, ಕಡತ

ನಾಲ್ಕನೆಯದು ಅಂಗಡಿ ಮತ್ತು ಲೆಕ್ಕದ ಜಾಗ. ‘ಊರಿನ ಮುಕ್ಕಾಲು ಮೂರುವೀಸ ಜನ ಬಂದಿದ್ದರು’ ಎಂದು ಹಿರಿಯರು ಹೇಳುವುದನ್ನು ಕೇಳಿರಬಹುದು. ಇದು ಸುಮ್ಮನೆ ಅಂದಾಜಿನ ಮಾತಲ್ಲ. ಹಳೆಯ ಲೆಕ್ಕದಲ್ಲಿ ಒಂದು ಹಣದ ಕಾಲುಭಾಗ ಹಾಗ, 16ರಲ್ಲಿ ಒಂದು ಭಾಗ ವೀಸ. ಮುಕ್ಕಾಲು ಎಂದರೆ 16ರಲ್ಲಿ 12. ಅದಕ್ಕೆ ಮೂರು ವೀಸ ಕೂಡಿಸಿದರೆ 15. ಪೂರ್ತಿಗೆ ಒಂದೇ ವೀಸ ಕಡಿಮೆ. ‘ಹೆಚ್ಚುಕಡಿಮೆ ಎಲ್ಲರೂ’ ಎನ್ನಲು ಇಷ್ಟು ಕರಾರುವಾಕ್ಕಾದ ಮಾತು ನಮ್ಮ ಅಜ್ಜಿಯರ ಬಾಯಲ್ಲಿತ್ತು. ಅವರು ಶಾಲೆಗೆ ಹೋಗಿರಲಿಲ್ಲ. ಆದರೆ ಸಂತೆಯಲ್ಲಿ ಕಾಲು, ಅರೆ, ಮುಕ್ಕಾಲು, ವೀಸ ಅವರ ನಾಲಿಗೆಯ ಮೇಲಿತ್ತು.

ಬ್ರಿಟಿಷರ ಕಾಲದ ರೂಪಾಯಿಗೆ 16 ಆಣೆ. ‘ಹದಿನಾರಾಣೆ ಸತ್ಯ’ ಎಂದರೆ ಪೂರ್ತಿ ಸತ್ಯ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ರೂಪಾಯಿಗೆ 100 ಪೈಸೆಯಾಯಿತು. ಆಣೆ ಹೋಯಿತು, ‘ಹದಿನಾರಾಣೆ ಸತ್ಯ’ ಉಳಿಯಿತು. ನಾಲ್ಕಾಣೆ ಎಂದು ಕರೆಯುತ್ತಿದ್ದ 25 ಪೈಸೆಯ ನಾಣ್ಯವೂ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಮುಕ್ಕಾಲು ಮೂರುವೀಸವೂ ಹದಿನಾರಾಣೆಯೂ 16ರ ಲೆಕ್ಕವೇ. ಒಂದು ಹೊನ್ನು, ಹಣ, ಹಾಗಗಳ ಕಾಲದ್ದು, ಇನ್ನೊಂದು ರೂಪಾಯಿಯ ಕಾಲದ್ದು. ಇನ್ನೂ ಹಿಂದಿನದು ‘ಕವಡೆ ಕಾಸಿನ ಕಿಮ್ಮತ್ತು’. ಕವಡೆಯೇ ಹಣವಾಗಿದ್ದ ಕಾಲ ಅದರಲ್ಲಿದೆ. ಬಂಗಾರ ತೂಗಲು ಗುಲಗಂಜಿ ಬಳಸುತ್ತಿದ್ದ ಅಕ್ಕಸಾಲಿಗರಿಂದ ‘ಗುಲಗಂಜಿಯಷ್ಟೂ ಹೆಚ್ಚಿಲ್ಲ’ ಬಂತು. ಕರಿಯ ಒರೆಗಲ್ಲಿನ ಮೇಲೆ ಚಿನ್ನವನ್ನು ಗೀರಿ ಬಣ್ಣ ನೋಡುವುದರಿಂದ ‘ಒರೆಗೆ ಹಚ್ಚು’ ಬಂತು.

ಕಚೇರಿಯ ಮಾತಿಗೂ ಹೀಗೆ ಅಂಗಡಿಯ ಬೇರಿದೆ. ‘ಕಡತ ವಿಲೇವಾರಿ’ ಎಂದು ದಿನವೂ ಬರೆಯುತ್ತೇವೆ. ಮೊದಲಿನ ಕಡತ ಬಟ್ಟೆಯದು. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸುತ್ತಿದ್ದರು. ಆ ಕಪ್ಪು ಹಾಳೆಯ ಮೇಲೆ ಬಿಳಿಯ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಆಗುತ್ತಿತ್ತು. ವರ್ತಕರೂ ಮಠಗಳೂ ಇಂಥ ಕಡತಗಳನ್ನು ಇಟ್ಟಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸದ ವಿದ್ವಾಂಸರಿಗೆ ಮುಖ್ಯ ಆಕರವಾಗಿವೆ. ಬಟ್ಟೆ ಹೋಗಿ ಕಾಗದ ಬಂತು, ಕಾಗದ ಹೋಗಿ ಕಂಪ್ಯೂಟರ್ ಬಂತು, ಹೆಸರು ಮಾತ್ರ ಕಡತವೇ.

ಸೀಮೆಗೊಂದು ಮಾತು

ಈಗ ಸೀಮೆಗಳ ಕಡೆ ತಿರುಗೋಣ. ನೆಲ ಬದಲಾದರೆ ಬೆಳೆ ಬದಲಾಗುತ್ತದೆ, ಬೆಳೆ ಬದಲಾದರೆ ಮಾತು ಬದಲಾಗುತ್ತದೆ. ಮಲೆನಾಡು ಅಡಿಕೆಯ ಸೀಮೆ. ಎರಡು ಕಡೆಯಿಂದ ಒತ್ತಡಕ್ಕೆ ಸಿಕ್ಕವನು ‘ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ’. ರಾಗಿಯ ಸೀಮೆಯಲ್ಲಿ ಊಟ ಮಾಡುವುದೇ ‘ಹಿಟ್ಟುಣ್ಣುವುದು’. ಜೋಳದ ಸೀಮೆಯವರು ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎನ್ನುತ್ತಾರೆ. ಮಳೆಗಾದೆಗಳ ಹಿಂದೆ ಪಂಚಾಂಗದ ಲೆಕ್ಕವಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುತ್ತಾನೆ, 27 ನಕ್ಷತ್ರಕ್ಕೆ ಒಂದು ವರ್ಷ. ರೋಹಿಣಿ ಮೇ ಕೊನೆಯ ವಾರದಲ್ಲಿ ಹುಟ್ಟುತ್ತದೆ, ಆರಿದ್ರಾ ಜೂನ್ ಮೂರನೆಯ ವಾರ ಕಳೆದು, ಮಘೆ ಆಗಸ್ಟ್ ನಡುವಿಗೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ’, ‘ಬಂದರೆ ಮಘೆ, ಹೋದರೆ ಹೊಗೆ’ ಎಂಬ ಮಾತುಗಳು ಪ್ರಾಸಕ್ಕಾಗಿ ಕಟ್ಟಿದವಲ್ಲ. ಆ ಹದಿನಾಲ್ಕು ದಿನದಲ್ಲಿ ಮಳೆ ತಪ್ಪಿದರೆ ತನ್ನ ಹೊಲದಲ್ಲಿ ಏನಾಗುತ್ತದೆ ಎಂದು ಬಲ್ಲವನ ಮಾತು. ನಾಲಿಗೆಯ ಮೇಲೆ ನಿಲ್ಲಲು ಪ್ರಾಸ ನೆರವಾಯಿತು.

ಮಂಡ್ಯ ಮೈಸೂರಿನ ಕಡೆ ಕೆಟ್ಟುಹೋದದ್ದಕ್ಕೆ ‘ಎಕ್ಕುಟ್ಟೋಯ್ತು’ ಎನ್ನುತ್ತಾರೆ. ಬೈಗುಳದಲ್ಲಿ ‘ನಿನ್ ಮನೆ ಎಕ್ಕುಟ್ಟೋಗ’ ಎಂದೂ ಬರುತ್ತದೆ. ಪಟ್ಟಣದವರಿಗೆ ಇದು ಅರ್ಥವಿಲ್ಲದ ಒರಟು ಶಬ್ದ. ‘ಎಕ್ಕ ಹುಟ್ಟಿ ಹೋಗು’ ಎಂದು ಬಿಡಿಸಿ ಓದಿದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಜನ ಬಿಟ್ಟುಹೋದ ಮನೆಯ ಅಂಗಳದಲ್ಲಿ, ಕುಸಿದ ಗೋಡೆಯ ಸಂದಿಯಲ್ಲಿ ಎಕ್ಕದ ಗಿಡ ಏಳುತ್ತದೆ. ದನ ಅದನ್ನು ಮೇಯುವುದಿಲ್ಲ, ಕೀಳುವವರೂ ಇರುವುದಿಲ್ಲ. ಬೈಗುಳ ಮನೆಯ ಜೊತೆಗೇ ಅಂಟಿಕೊಂಡಿರುವುದು ಇದೇ ಕಾರಣಕ್ಕೆ.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುತ್ತಾರೆ. ಹವ್ಯಕರ ಮನೆಯಲ್ಲಿ ‘ಆಸರಿಗೆ ಬೇಕಾ?’ ಎಂಬುದೇ ಮೊದಲ ಪ್ರಶ್ನೆ. ದಣಿವು ಎಂಬ ಅರ್ಥದ ಆಸರು ಹಳಗನ್ನಡದ ಪದ. ಪುಸ್ತಕದ ಕನ್ನಡ ಅದನ್ನು ಕಳೆದುಕೊಂಡಿತು, ಜಗಲಿಯ ಕನ್ನಡ ಉಳಿಸಿಕೊಂಡಿತು. ‘ಮಂಡೆಬಿಸಿ’ ಕರಾವಳಿಯಿಂದ ಹೊರಟು ಇವತ್ತು ಬೆಂಗಳೂರಿನ ಕಚೇರಿಗಳವರೆಗೆ ಬಂದಿದೆ. ಅದರೊಳಗಿನ ಮಂಡೆ ವಚನಗಳಲ್ಲಿ ಎಲ್ಲೆಡೆ ಕಾಣುವ ಹಳೆಯ ಮಾತು. ಯಕ್ಷಗಾನ, ಹರಿಕಥೆಗಳ ನಾಡಿನಿಂದ ‘ಗೆಜ್ಜೆ ಕಟ್ಟು’, ‘ತಾಳ ತಪ್ಪು’, ‘ಮಂಗಳ ಹಾಡು’ ಬಂದವು. ಮಹಾಭಾರತದ ಉತ್ತರಕುಮಾರ ಅಂತಃಪುರದ ಹೆಂಗಸರ ನಡುವೆ ಜಂಬ ಕೊಚ್ಚಿಕೊಂಡವನು. ನಮ್ಮ ಹಳ್ಳಿಯವರು ಅವನನ್ನು ಅಡುಗೆಮನೆಗೆ ಕರೆತಂದು ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದರು. ಪುರಾಣವನ್ನು ಕೇಳಿದ ಜನ ಅದನ್ನು ತಮ್ಮ ಮನೆಯ ಅಳತೆಗೆ ತಂದುಕೊಂಡ ರೀತಿ ಇದು.

ಇಂಥ ಮಾತುಗಳನ್ನು ‘ಅಶುದ್ಧ’ ಎಂದು ಕರೆಯುವ ಚಟ ನಮ್ಮ ಶಾಲೆಗಳಲ್ಲಿ ಇನ್ನೂ ಹೋಗಿಲ್ಲ. ಮನೆಯ ಮಾತಾಡಿದ ಮಗುವಿಗೆ ತರಗತಿಯಲ್ಲಿ ನಗು ಕಾದಿರುತ್ತದೆ. ಇದು ನನಗೆ ತೀರ ನೋವಿನ ವಿಷಯ. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗವೇ ಕನ್ನಡಗಳು ಹಲವು ಎಂದು ಒಪ್ಪಿಕೊಂಡಿದೆ. ದೇಸಿ ಬೇರೆ ಬೇರೆಯಾದ್ದರಿಂದ ವಾಸುಕಿಯೂ ಅರಿಯಲಾರದೆ ಬೇಸರಪಡುತ್ತಾನೆ ಎಂಬ ಭಾವದ ಮಾತು ಅಲ್ಲಿದೆ. ನಮ್ಮ ಕಾಲದಲ್ಲಿ ದೇವನೂರ ಮಹಾದೇವ ಅವರು ನಂಜನಗೂಡಿನ ಕಡೆಯ ಆಡುಮಾತಿನಲ್ಲಿ ‘ಕುಸುಮಬಾಲೆ’ ಬರೆದರು. ಆ ಕನ್ನಡ ಯಾವ ಕನ್ನಡಕ್ಕೂ ಕಡಿಮೆಯಿಲ್ಲ ಎಂದು ನಾಡು ಒಪ್ಪಿತು. ಸೀಮೆಯ ಮಾತನ್ನು ತಿದ್ದುವ ಮೊದಲು ಕೇಳಿಸಿಕೊಳ್ಳುವುದು ಮೇಷ್ಟ್ರ ಕರ್ತವ್ಯ.

ಕಟ್ಟುಕತೆಯ ಅಪಾಯ

ಪ್ರೀತಿಯಷ್ಟೇ ಎಚ್ಚರವೂ ಬೇಕು. ಮಾತಿನ ಮೂಲ ಹುಡುಕುವಾಗ ಚಂದದ ಕತೆಗೆ ಮನಸೋಲುವುದು ಸುಲಭ. ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದರಿಂದ ಬೆಂಗಳೂರು ಎಂಬ ಕತೆ ಎಲ್ಲರಿಗೂ ಗೊತ್ತು. ಆದರೆ ಬೇಗೂರಿನ ನಾಗೇಶ್ವರ ದೇಗುಲದಲ್ಲಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗುಳೂರ ಕಾಳಗದ ಪ್ರಸ್ತಾಪವಿದೆ. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಊರಿಗೆ ಆ ಹೆಸರಿತ್ತು. ಕತೆ ಕತೆಯಾಗಿ ಸೊಗಸು, ಇತಿಹಾಸವಾಗಿ ನಿಲ್ಲದು.

ಆದ್ದರಿಂದ ಯಾವುದೇ ಮೂಲಕತೆಯನ್ನು ಕೇಳಿದಾಗ ಮೂರು ಪ್ರಶ್ನೆ ಹಾಕಬೇಕು. ಆ ಮಾತು ಬರಹದಲ್ಲಿ ಮೊದಲು ಕಾಣುವುದು ಯಾವಾಗ? ಆ ಕಸುಬಿನವರು ಅದನ್ನು ಕೆಲಸದ ನಡುವೆ ನೇರ ಅರ್ಥದಲ್ಲಿ ಬಳಸುತ್ತಾರೆಯೇ? ನೆರೆಯ ಭಾಷೆಗಳಲ್ಲಿ ಅದು ಇದೆಯೇ? ಮೂರನೆಯ ಪ್ರಶ್ನೆಯನ್ನು ನಾವು ಬಹಳ ಸಲ ಮರೆಯುತ್ತೇವೆ. ‘ಸೇರಿಗೆ ಸವ್ವಾಸೇರು’ ನಮ್ಮದೆಂದು ನಂಬಿದ್ದೇವೆ. ಸವ್ವಾ ಎಂದರೆ ಒಂದೂಕಾಲು, ಮರಾಠಿಯಲ್ಲೂ ಇದೇ ಮಾತಿದೆ. ‘ಇಲ್ಲಿ ನಿನ್ನ ಬೇಳೆ ಬೇಯುವುದಿಲ್ಲ’ ಎಂಬ ಭಾವ ಹಿಂದಿಯಲ್ಲೂ ಬೇಳೆಯ ಜೊತೆಗೇ ಬರುತ್ತದೆ. ಆದ್ದರಿಂದ ಅದಕ್ಕೆ ನಮ್ಮ ಊರಿನದೇ ಒಂದು ಕತೆ ಹೊಸೆಯುವುದು ತಪ್ಪು. ಹಂಚಿಕೊಂಡ ಮಾತಿನಿಂದ ಕನ್ನಡ ಬಡವಾಗುವುದಿಲ್ಲ. ಹುಕುಂ ಚಲಾಯಿಸು, ಸವಾಲು ಹಾಕು, ದರ್ಬಾರು ನಡೆಸು ಎಂಬವು ಪರ್ಷಿಯನ್, ಅರಬಿಯಿಂದ ಬಂದು ನಮ್ಮ ಕ್ರಿಯಾಪದದ ಜೊತೆ ಸಂಸಾರ ಹೂಡಿವೆ.

ಮಾಡಬೇಕಾದ ಕೆಲಸ

ಈ ದಾರಿಯಲ್ಲಿ ನಮ್ಮ ಹಿರಿಯರು ಬಹಳ ದೂರ ನಡೆದಿದ್ದಾರೆ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪದದ ಜೊತೆಗೆ ಜನರ ಗಾದೆಗಳನ್ನೂ ಅದು ಉಳಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಭಾಷೆಯ ದೊಡ್ಡ ಆಸ್ತಿ. ಆ ಕೆಲಸದಲ್ಲಿ ಮುಂದೆ ನಿಂತ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ದ ಮೂಲಕ ಸಾಮಾನ್ಯ ಓದುಗರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರಿಸಿದರು. ಪಾ.ವೆಂ. ಆಚಾರ್ಯರು ‘ಪದಾರ್ಥ ಚಿಂತಾಮಣಿ’ಯಲ್ಲಿ ಪದಗಳ ಪೂರ್ವೋತ್ತರವನ್ನು ಮನೆಮಾತಾಗಿಸಿದರು. ಆದರೆ ನಿಘಂಟು ಹೆಚ್ಚಾಗಿ ಬರಹವನ್ನು ನೆಚ್ಚುತ್ತದೆ. ಬರಹಕ್ಕೆ ಬಾರದ ಸೀಮೆಯ ಮಾತನ್ನು ಕಿವಿಯಿಂದಲೇ ಹಿಡಿಯಬೇಕು.

ವಿದ್ಯಾರ್ಥಿ ಮಿತ್ರರೇ, ಆ ಕೆಲಸ ನಿಮ್ಮದು. ಒಂದು ನುಡಿಗಟ್ಟಿಗೆ ಒಂದು ಚೀಟಿ ಮಾಡಿ. ಹೇಳಿದವರ ಉಚ್ಚಾರಣೆಯಲ್ಲೇ ಬರೆಯಿರಿ. ಊರು, ತಾಲ್ಲೂಕು, ಹೇಳಿದವರ ಕಸುಬು, ಅಂದಾಜು ವಯಸ್ಸು ಬರೆಯಿರಿ. ಅದನ್ನು ಬಳಸಿದ ಪೂರ್ತಿ ವಾಕ್ಯ ಬರೆಯಿರಿ. ಕೊನೆಗೆ ಅದರ ಹಿಂದಿರುವ ಕೆಲಸವನ್ನು ವಿವರಿಸಿ. ಒಂದು ಸೂಕ್ಷ್ಮ ನೆನಪಿಡಿ: ‘ಅಜ್ಜಾ, ನುಡಿಗಟ್ಟು ಹೇಳಿ’ ಎಂದು ಕೇಳಿದರೆ ಯಾರೂ ಹೇಳಲಾರರು. ‘ಕಣ ಹೇಗೆ ಮಾಡ್ತಿದ್ರಿ? ಹಾಸು ಹೇಗೆ ಹೂಡ್ತೀರಿ? ಅಡಿಕೆ ಕೊನೆ ಹೇಗೆ ಇಳಿಸ್ತಿದ್ರಿ?’ ಎಂದು ಕೆಲಸದ ಬಗ್ಗೆ ಕೇಳಿ. ಮಾತು ತಾನಾಗಿ ಬರುತ್ತದೆ. ಮೊಬೈಲಿನಲ್ಲಿ ದನಿಯನ್ನೂ ಹಿಡಿದಿಡಿ, ಅವರ ಒಪ್ಪಿಗೆ ಪಡೆದು. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ, ದೂರದ ದೇಶಗಳಲ್ಲಿ ಇರುವ ಕನ್ನಡದ ಮನೆಗಳಲ್ಲೂ ಅಜ್ಜ ಅಜ್ಜಿಯರಿದ್ದಾರೆ. ಅಲ್ಲಿ ಈ ಕೆಲಸ ಇನ್ನೂ ತುರ್ತಿನದು.

ನುಡಿಗಟ್ಟು ಹುಟ್ಟುವುದು ನಿಂತುಹೋಯಿತು ಎಂಬ ಚಿಂತೆ ನನಗಿಲ್ಲ. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. ಅದಾದ ಮೇಲೆ ಯಾವನೋ ಬಡಾಯಿ ಕೊಚ್ಚಿಕೊಂಡಾಗ ಇನ್ಯಾವನೋ ‘ರೈಲು ಬಿಡಬೇಡ’ ಎಂದ. ಬಸ್ಸು ಬಂದ ಮೇಲೆ ಖರ್ಚಿಗೆ ಬ್ರೇಕ್ ಹಾಕಿದೆವು, ವಿದ್ಯುತ್ತು ಬಂದ ಮೇಲೆ ಸುದ್ದಿ ಕೇಳಿ ಶಾಕ್ ಹೊಡೆಸಿಕೊಂಡೆವು. ದುಡಿಯುವ ಜನ ಇರುವವರೆಗೆ ಹೊಸ ಮಾತು ಹುಟ್ಟುತ್ತಲೇ ಇರುತ್ತದೆ. ಹಳೆಯ ಮಾತಿನ ಬೇರನ್ನು ಬಲ್ಲವರ ಸಂಖ್ಯೆ ಮಾತ್ರ ವರ್ಷ ವರ್ಷ ಇಳಿಯುತ್ತಿದೆ. ಮುಂದಿನ ಸುಗ್ಗಿಯ ಹೊತ್ತಿಗೆ ಈ ಕಾಲೇಜಿನ ಒಬ್ಬೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹತ್ತು ಮಾತುಗಳನ್ನು ಬೇರು ಸಮೇತ ಬರೆದು ತಂದರೆ, ಯಾವ ವಿಶ್ವವಿದ್ಯಾಲಯದ ಯೋಜನೆಗೂ ಕಾಯದೆ ಒಂದು ಸೀಮೆಯ ಕೋಶ ಸಿದ್ಧವಾಗುತ್ತದೆ. ಅದನ್ನು ಅಚ್ಚು ಹಾಕಿಸುವ ಹೊಣೆಯನ್ನು ಈ ದತ್ತಿಯೇ ಹೊರಲಿ ಎಂದು ಅಧ್ಯಕ್ಷರನ್ನು ವಿನಂತಿಸುತ್ತೇನೆ.